ಐದನೆಯ ಹೆಸರು

ಅಮೆರಿಕದ ಎಡಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ನೈಜೀರಿಯಾದ ಇಗ್ಬೊ ಜನಾಂಗದ ಮುದುಕರೊಬ್ಬರಿದ್ದರು. ಬಸ್ ಓಡಿಸಿ ನಿವೃತ್ತರಾದವರು. ಮೆಟ್ಟಿಲ ಮೇಲೆ ಕೂತು, ಕಣ್ಣು ಅರೆಮುಚ್ಚಿ, "ಇವತ್ತು ನಮ್ಮೂರಲ್ಲಿ ಸಂತೆ" ಎನ್ನುತ್ತಿದ್ದರು. ಅವರೂರಿನ ವಾರಕ್ಕೆ ನಾಲ್ಕೇ ದಿನವಂತೆ. ಹಾಗಾಗಿ ಸಂತೆ ಬೇಗ ಬೇಗ ಬರುತ್ತಿತ್ತು. ಏಳು ಜನ ಅಣ್ಣತಮ್ಮಂದಿರಿಂದ ಊರಿನ ಏಳು ಕೇರಿಗಳಾದ ಕಥೆಯನ್ನು ಬೆರಳು ಮಡಚುತ್ತಾ ಹೇಳುವಾಗ ಅವರ ದನಿ ನಿದ್ದೆಯಲ್ಲಿ ಮಾತಾಡಿದಂತಿರುತ್ತಿತ್ತು.

ಊರಲ್ಲಿದ್ದ ಅವರ ಅಣ್ಣ ತೀರಿಕೊಂಡ ಮೇಲೆ ಮನೆತನಕ್ಕೆ ಅವರೇ ಹಿರಿಯರಾದರು. ಉತ್ತರಕ್ರಿಯೆಯ ದಿನ ಪೂರ್ವಿಕರನ್ನು ನೆನೆದು ಎಲ್ಲರಿಗೂ ಹಂಚುವ ಕೋಲಾ ಬೀಜ ಮುರಿಯುವ ಮುಂಚಿನ ಪ್ರಾರ್ಥನೆಯನ್ನು ಅವರೇ ಹೇಳಬೇಕೆಂದು ಊರಿನವರು ವಿಡಿಯೋ ಕಾಲ್ ಮಾಡಿದರು. ಫೋನ್ ಹಿಡಿದುಕೊಂಡವಳು ನಾನು. ಆ ಏಳು ಅಣ್ಣತಮ್ಮಂದಿರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾ ಹೋದವರು ಐದನೆಯದಕ್ಕೆ ನಿಂತುಬಿಟ್ಟರು. ಅಲ್ಲಿ ಊರಿನ ಮನೆಯಂಗಳದ ತುಂಬ ಕೂತಿದ್ದ ಗಂಡಸರು ಕಾದರು. ಇವರು ಮಡಚಿದ ಬೆರಳುಗಳನ್ನು ಬಿಚ್ಚಿ ಮತ್ತೆ ಮೊದಲಿನಿಂದ ಎಣಿಸಿದರು. ಆಗ ಅಂಗಳದ ಹಿಂದಿನಿಂದ ಮುದುಕಿಯೊಬ್ಬಳ ದನಿ ಮೆಲ್ಲಗೆ ಒಂದು ಹೆಸರು ಹೇಳಿತು. ಗಂಡಸರೆಲ್ಲ ಹಿಂತಿರುಗಿ ನೋಡಿದರು. ಇವರು ಮಾತ್ರ ಆ ಹೆಸರನ್ನು ಗಟ್ಟಿಯಾಗಿ ಕರೆದು ಪ್ರಾರ್ಥನೆ ಮುಗಿಸಿದರು.

"ಯಾರು ಅಂಕಲ್ ಅದು?" ಎಂದೆ.

"ನಮ್ಮಕ್ಕ. ಈ ಪ್ರಾರ್ಥನೆಯಲ್ಲಿ ಹೆಂಗಸರು ಬಾಯಿ ತೆರೆಯೋ ಹಾಗಿಲ್ಲ, ಮಗಳೇ" ಎಂದರು. ಆಮೇಲೆ "ನಿಜಕ್ಕೂ ಹಿರಿಯಳು ಅವಳೇ" ಎಂದರು.