ಒಂದೇ ಬಟ್ಟಲಿನ ಎಣ್ಣೆ

ಮೊನ್ನೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಬಿಸಿಗಿಟ್ಟಿದ್ದೆ. ಮಗಳು ಚೊಚ್ಚಲ ಹೆರಿಗೆಗೆಂದು ಬಂದಿದ್ದಾಳೆ. ವಾಸನೆ ಏಳುತ್ತಿದ್ದಂತೆ ಹೆಗ್ಗದ್ದೆಯ ತವರುಮನೆಯ ಬಚ್ಚಲು ಕಣ್ಣಮುಂದೆ ಬಂತು. ಅದರ ಹಿಂದೆಯೇ ಅತ್ತಿಗೆ, ನಮ್ಮಣ್ಣನ ಹೆಂಡತಿ...

ತೊಂಬತ್ತರ ದಶಕದ ಮಾತು. ನಾನು ಬಸುರಿಯಾಗಿ ತವರಿಗೆ ಬಂದರೆ ಅಲ್ಲಿ ಅತ್ತಿಗೆಯೂ ತುಂಬು ಬಸುರಿ. ಅವಳು ವನಗೂರಿನ ತನ್ನ ತವರಿಗೆ ಹೋಗಬೇಕಿತ್ತು, ಆದರೆ ಅವಳಿಗೆ ತಾಯಿ ಇರಲಿಲ್ಲ. ಒಂದೇ ಸೂರಿನಡಿ ಇಬ್ಬರು ಬಸುರಿಯರು ಇರಬಾರದು ಎಂದು ನೆರೆಯವರು ರಾಗ ಎಳೆದರು. "ತಾಯಿಲ್ದೋಳ್ನ ಎಲ್ಲಿಗೆ ಅಂತ ಕಳಿಸ್ಲಿ?" ಎಂದು ಅವ್ವ ಅವರ ಬಾಯಿ ಮುಚ್ಚಿಸಿದಳು.

ನ್ಯಾಯದ ಮಾತೇ. ಆದರೂ ನನ್ನ ಅವ್ವ ಅಲ್ಲವೇ? ಹಂಡೆಯ ಮೊದಲ ಬಿಸಿನೀರು ಅತ್ತಿಗೆಗೆ, ಸೊಂಟಕ್ಕೆ ಮೊದಲ ಎಣ್ಣೆ ಅವಳಿಗೆ, ಕೆನೆಮೊಸರೂ ಅವಳಿಗೆ. ಮೈ ಸಡಿಲಾಗಲೆಂದು ಕಾಫಿ ಬೀಜ ಆರಿಸಲು ಇಬ್ಬರನ್ನೂ ಕುಕ್ಕರಗಾಲಿನಲ್ಲಿ ಕೂರಿಸುತ್ತಿದ್ದಳು. ಏಳುವಾಗ ಮಾತ್ರ ಅವಳಿಗೆ ಅವ್ವನ ಕೈ, ನನಗೆ ಗೋಡೆ. ಬಚ್ಚಲಲ್ಲಿ ಅವ್ವ, ಅತ್ತಿಗೆ ಇಬ್ಬರದೂ ಪಿಸಪಿಸ. ನಾನು ಹತ್ತಿರ ಹೋದರೆ ಅವ್ವ ಮಾತು ನುಂಗುತ್ತಿದ್ದಳು. ಹೆತ್ತ ಮಗಳಿಗಿಲ್ಲದ ಗುಟ್ಟು ಸೊಸೆಗೇನು ಎಂದು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತಿಗೆ ಎಣ್ಣೆ ಬಟ್ಟಲು ಹಿಡಿದು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ಉಗುರು ತೆಗ್ದು, ಕೈ ಚೆನ್ನಾಗಿ ತೊಳ್ಕೊ. ಮಗ ಬರೋ ದಾರಿಗೆ ಬೆಚ್ಚಗಿನ ಎಣ್ಣೆ ಹಚ್ಚಿ ಹೆಬ್ಬೆಟ್ಟಲ್ಲಿ ಮೆಲ್ಲಗೆ ಕೆಳಿಕ್ಕೆ, ಪಕ್ಕಕ್ಕೆ ಒತ್ತು. ಚೂರು ಉರೀತೈತೆ, ಉಸ್ರು ಬುಟ್ಟು ಮೈ ಸಡ್ಲ ಮಾಡು. ನೋಯೋ ಹಂಗೆ ಒತ್ತಬ್ಯಾಡ. ದಿನಾ ಮಾಡಿದ್ರೆ ಹೆರೋವಾಗ ಹರಿಯೋದು ಕಮ್ಮಿ ಕಣೇ."

ನನಗೆ ಕಿವಿಯೆಲ್ಲ ಬಿಸಿಯಾಯಿತು. ಯಾರು ಹೇಳಿಕೊಟ್ಟರು ಎಂದೆ.

"ಇನ್ಯಾರು, ಅತ್ತೆಮ್ಮ. ನಿಂಗೂ ಹೇಳು ಅಂತ ಅವ್ರೇ ಕಳ್ಸವ್ರೆ. ಹೆತ್ತ ಮಗಳ ಮುಂದೆ ಇದನ್ನ ಹೇಳಕ್ಕೆ ನಾಚ್ಕೆಯಂತೆ ಮಾರಾಯ್ತಿ! ಸೊಸೆ ಮುಂದೆ ಏನ್ ನಾಚ್ಕೆ..." ಎಂದು ನಕ್ಕಳು. ಬಟ್ಟಲು ಕೆಳಗಿಡುತ್ತಾ ಮೆಲ್ಲಗೆ ಅಂದಳು, "ನನ್ ಮುಂದೂ ಒಸಿ ನಾಚ್ಕಂಡಿದ್ರೆ ಚೆನ್ನಾಗಿತ್ತು."

ಅವಳಿಗೂ ನನ್ನ ಮೇಲೆ ಹೊಟ್ಟೆಕಿಚ್ಚು! ನನ್ನದೇನೂ ಅದರಿಂದ ಆರಲಿಲ್ಲ, ಸುಳ್ಳೇಕೆ ಹೇಳಲಿ. ಇಬ್ಬರೂ ಹೆತ್ತೆವು. ಅವಳಿಗೆ ಗೀರೂ ಇಲ್ಲ. ನನಗೆ ಸ್ವಲ್ಪ ಹರಿದು ಹೊಲಿಗೆ ಬಿತ್ತು. ಒಂದೇ ಬಟ್ಟಲಿನ ಎಣ್ಣೆ, ಅದರಲ್ಲೂ ಪಕ್ಷಪಾತ ಎಂದು ನಾನು ಮುಖ ಊದಿಸಿಕೊಂಡೆ. ತಾನೂ ಹಸಿ ಬಾಣಂತಿ, ಆದರೂ ನಾನು ಕೂರಲು ಹಳೇ ಸೀರೆ ಮಡಚಿ ಮೆತ್ತೆ ಮಾಡಿಕೊಟ್ಟವಳು ಅವಳೇ.

ಅವ್ವ ಹೋಗಿ ಎಷ್ಟೋ ಕಾಲವಾಯಿತು. ಹೋದ ಕಾಫಿ ಕೊಯ್ಲಿನ ಹೊತ್ತಿಗೆ ಅತ್ತಿಗೆಯೂ ಹೋದಳು...

ಮೊನ್ನೆ ಎಣ್ಣೆ ಬಟ್ಟಲು ಹಿಡಿದು ಮಗಳ ಕೋಣೆಯ ಬಾಗಿಲಲ್ಲಿ ನಿಂತೆ.

"ಏನಮ್ಮಾ?" ಎಂದಳು.

"ಏನಿಲ್ಲ, ಸೊಂಟಕ್ಕೆ ಎಣ್ಣೆ" ಎಂದು ಒಳಗೆ ಹೋಗಿ ಸೊಂಟ ತಿಕ್ಕಿ ಬಂದೆ. ಬಟ್ಟಲಲ್ಲಿ ಎಣ್ಣೆ ಇನ್ನೂ ಉಳಿದಿತ್ತು. ನನಗೆ ಸೊಸೆಯಿಲ್ಲ. ಈಗ ಹೊಟ್ಟೆಕಿಚ್ಚು ಪಡುವುದು ಅವ್ವನ ಮೇಲೆ. ಅವಳಿಗಾದರೆ ಕಳಿಸಲು ಅತ್ತಿಗೆ ಇದ್ದಳು.