ಯಶೋದಮ್ಮ ಬೇಡವೆಂದ ದಾರಿ

ಬೆಟ್ಟದಪುರದ ಆಚೆ ಹಳ್ಳಿಯ ಯಶೋದಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಸಂತೆಯಲ್ಲಿ ಯಾರಾದರೂ ಕೊಸರು ಎಂದು ಒಂದು ಬದನೆಕಾಯಿ ಹೆಚ್ಚಿಗೆ ಹಾಕಿದರೆ, ಹುಳುಕಿರಬೇಕೆಂದು ಅಲ್ಲೇ ಮುರಿದು ನೋಡುವವಳು. ಗಂಡ ತೀರಿಕೊಂಡ ಮೇಲೆ ಹೊಗೆಸೊಪ್ಪಿನ ಬೇಸಾಯವನ್ನು ಒಬ್ಬಳೇ ಹೆಗಲಿಗೇರಿಸಿಕೊಂಡವಳನ್ನು ಆ ಅನುಮಾನವೇ ಕಾವಲು ನಾಯಿಯಂತೆ ಕಾಪಾಡಿತ್ತು, ನಿಜ. ಆದರೆ ಕಾವಲು ನಾಯಿ ಮನೆಯವರನ್ನೂ ಒಳಗೆ ಬಿಡದಿದ್ದರೆ ಏನು ಮಾಡುವುದು ಹೇಳಿ!

ಜಗಳ ಒಂದು ದಾರಿಯದು. ಹಸಿ ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಎತ್ತರದ ಗೂಡಿಗೆ ಬ್ಯಾರನ್ ಎನ್ನುತ್ತಾರೆ. ಹೊಲದಿಂದ ಅವಳ ಬ್ಯಾರನ್‌ಗೆ ಹೋಗುವ ಗಾಡಿದಾರಿ ಮೈದುನ ಚೆಲುವಯ್ಯನ ಮನೆ ಮುಂದೆಯೇ ಹಾಯುತ್ತಿತ್ತು. ಯಾವುದೋ ಮಾತಿಗೆ ಮಾತು ಬೆಳೆದು ಅವನು ದಾರಿಗೆ ಅಡ್ಡ ಕಲ್ಲುಕಂಬ ನೆಟ್ಟ. ಇವಳು ಪಿರಿಯಾಪಟ್ಟಣದ ಕೋರ್ಟಿಗೆ ಹೋದಳು. ಅಂದಿನಿಂದ ಸೊಪ್ಪಿನ ಹೊರೆ ಹೊತ್ತು ಕೆರೆ ಏರಿ ಸುತ್ತಿ ಬರಬೇಕು. ಕಿತ್ತ ಸೊಪ್ಪು ಹೊತ್ತಿಗೆ ಸರಿಯಾಗಿ ಗೂಡು ಸೇರದಿದ್ದರೆ ಕೆಟ್ಟೇ ಹೋಗುತ್ತದೆ. ಆ ದಾರಿಯಿಲ್ಲದೆ ಅವಳಿಗೆ ಬೇಸಾಯವೇ ಇಲ್ಲ.

ಕೋರ್ಟಿನವರು ಸಂಧಾನಕ್ಕೆ ಹೋಗಿ ಎಂದ ಹೊತ್ತಿಗೆ ಸೊಸೆ ರಮ್ಯಾ ಒಂದು ಸುದ್ದಿ ತಂದಳು.

“ಅತ್ತೆ, ಚಿಕ್ಕಮಾವ ಕಲ್ಲು ಕಿತ್ತಾಕವ್ರೆ. ದಾರಿಗೆ ಏನೂ ಅಡ್ಡ ಇಲ್ಲ ಈಗ.”

“ಬುಡು ಬುಡು, ಅದು ಬೋನು ಕಣೆ. ನಾವು ಕಾಲಿಟ್ರೆ ಸಾಕು, ಫೋನಲ್ಲಿ ಫೋಟೋ ಹಿಡ್ದು ಇನ್ನೊಂದು ಕೇಸು ಜಡೀತಾನೆ!”

ಮತ್ತೆ ಕೆರೆ ಏರಿಯೇ ಗತಿಯಾಯಿತು.

ಸಂಧಾನ ನಡೆಸುವವರು ಶಾಂತಲಾ ಎಂಬ ವಕೀಲೆ. “ನಾನು ತೀರ್ಪು ಕೊಡೋದಿಲ್ಲ, ನೀವಿಬ್ಬರೇ ಒಪ್ಪಬೇಕು. ಮೊದಲು ಒಬ್ಬೊಬ್ಬರ ಹತ್ತಿರ ಮಾತಾಡ್ತೀನಿ. ಹೇಳಬೇಡಿ ಅಂದದ್ದು ಈ ಕೋಣೆಯಿಂದ ಆಚೆ ಹೋಗಲ್ಲ,” ಎಂದು ಚೆಲುವಯ್ಯನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

ಯಶೋದಮ್ಮ ಹೊರಗಿನ ಬೆಂಚಿನ ತುದಿಗೆ ಸರಿದು ಕಿವಿಗೊಟ್ಟಳು. ಕೆಮ್ಮಿದರೂ ಊರಿಗೆಲ್ಲ ಕೇಳುವ ಗಂಟಲು ಅವನದು. ಇವತ್ತು ಪಿಟ್ಟೆನ್ನುತ್ತಿಲ್ಲ! ಅಯ್ಯೋ, ಒಳಗೆ ಇಬ್ಬರೂ ಸೇರಿ ನನ್ನ ವಿರುದ್ಧವೇ ಮಸಲತ್ತು ಮಾಡುತ್ತಿದ್ದಾರೆ ಎಂದು ಅವಳ ಎದೆ ಉರಿಯಿತು.

ಅವಳ ಸರದಿ ಬಂತು. ಬೇಕಾದ ಎತ್ತಿನ ಕಡೆ ತಿರುಗಿಯೂ ನೋಡಬಾರದು, ಬೇಡದ್ದಕ್ಕೆ ಬೆಲೆ ಕೇಳುತ್ತಿರಬೇಕು ಎಂದು ಚುಂಚನಕಟ್ಟೆಯ ದನದ ಜಾತ್ರೆಯಲ್ಲಿ ಅವಳಪ್ಪ ಕಲಿಸಿದ್ದ. ಆ ವಿದ್ಯೆಯನ್ನೇ ಇಲ್ಲಿ ತೆಗೆದಳು.

“ನಂಗೆ ದಾರಿನೇ ಬ್ಯಾಡ ಕಣ್ರವ್ವ. ಅವನ ಹಿತ್ಲು ಬೇಕು. ಹಿಂಗೇ ಹೇಳಿ ಅವ್ನಿಗೆ.”

“ನಿಜವಾಗ್ಲೂ ದಾರಿ ಬೇಡ್ವಾ, ಯಶೋದಮ್ಮ?”

“ಬ್ಯಾಡ ಅಂದ್ನಲ್ಲ.”

ಇಬ್ಬರನ್ನೂ ಎದುರುಬದುರು ಕೂರಿಸಿ ಶಾಂತಲಾ ಆ ಮಾತನ್ನು ಮುಟ್ಟಿಸಿದರು. ಚೆಲುವಯ್ಯ ಹಾರಾಡುತ್ತಾನೆ, ಕೊನೆಗೆ ದಾರಿಯನ್ನಾದರೂ ಬಿಟ್ಟುಕೊಡುತ್ತಾನೆ ಎಂದು ಇವಳ ಲೆಕ್ಕ. ಆದರೆ ಅವನು ಹೆಗಲ ಮೇಲಿನ ಟವಲನ್ನು ತೆಗೆದು ಹಿಂಡುತ್ತ ಕೂತ.

“ದಾರಿನೇ ಬ್ಯಾಡ್ವಾ ಅತ್ತಿಗೆ? ಏರಿ ಮ್ಯಾಲೆ ನೀವು ಹೊರೆ ಸಮೇತ ಜಾರಿ ಬಿದ್ದಿದ್ನ ನೋಡ್ದೆ. ಅವತ್ತೇ ಕಲ್ಲು ಕಿತ್ತಾಕ್ದೆ. ಈ ಕಡೆ ಬತ್ತಾರೇನೋ ಅಂತ ದಿನಾ ನೋಡ್ತಾವ್ನಿ. ನಮ್ಮನೆ ಮುಂದೆ ಹಾಯೋದೂ ಬ್ಯಾಡಾಯ್ತಾ?”

“ಅದ್ನ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ?”

ಬಿದ್ದ ದಿನ ಅವನು ದೂರದಲ್ಲಿ ನಿಂತಿದ್ದನ್ನು ಯಶೋದಮ್ಮನೂ ಕಂಡಿದ್ದಳು. ನಗುತ್ತ ನಿಂತಿದ್ದಾನೆಂದೇ ತಿಳಿದಿದ್ದಳು. ಈಗ ಹೇಳುತ್ತಿರುವುದು ನಿಜವೋ, ನಾಟಕವೋ? “ಇವತ್ತು ನಾನು ಯಾತಕ್ಕೂ ರುಜು ಹಾಕಾಕಿಲ್ಲ,” ಎಂದು ಎದ್ದುಬಿಟ್ಟಳು. ಶಾಂತಲಾ ಇನ್ನೊಂದು ದಿನ ಗೊತ್ತು ಮಾಡಿದರು.

ಮರುದಿನ ಬೆಳಿಗ್ಗೆ ಹೊರೆ ಹೊತ್ತವಳು ಏರಿಯ ಕಡೆ ತಿರುಗದೆ ಗಾಡಿದಾರಿ ಹಿಡಿದಳು. ರಮ್ಯಾ ಹಿಂಬಾಲಿಸಿದಳು. ಕಲ್ಲು ಕಿತ್ತ ಗುಂಡಿಗಳಲ್ಲಿ ಆಗಲೇ ಗರಿಕೆ ಬೆಳೆದು ನಿಂತಿತ್ತು. ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಚೆಲುವಯ್ಯ, ಕೈಯಲ್ಲಿ ಫೋನು!

ನಾನು ಹೇಳಿರಲಿಲ್ಲವೇ ಎಂದುಕೊಂಡಳು ಯಶೋದಮ್ಮ. ಹಿಂದಕ್ಕೆ ತಿರುಗಿದರೆ ಅದೇ ಕೆರೆ ಏರಿ. ಹೊರೆಯನ್ನು ಸರಿಮಾಡಿಕೊಂಡು ಅವನಿಗೆ ಎದುರಾಗಿಯೇ ನಿಂತಳು.

“ಹಿಡ್ಕೊ ಕಣಪ್ಪ ಫೋಟೋನ, ಮಖ ಕಾಣಂಗೆ ಹಿಡ್ಕೊ. ನಿಮ್ಮತ್ತಿಗೆ ನಿನ್ನ ಮನೆ ಮುಂದೆ ಹಾದ್ಲು ಅಂತ ಸಾಕ್ಷಿ ಇರ್ಲಿ. ನೆನ್ನೆ ನಾ ಹೇಳಿದ್ದು ಸುಳ್ಳು ಕಣೋ. ನಂಗೆ ಬೇಕಾಗಿರಾದು ಈ ದಾರಿನೇ.”

ಚೆಲುವಯ್ಯ ಫೋನನ್ನು ಜೇಬಿಗೆ ತುರುಕಿಕೊಂಡು ಓಡಿಬಂದು ಅವಳ ತಲೆಯ ಮೇಲಿನ ಹೊರೆಗೆ ಕೈ ಹಾಕಿದ. ಯಶೋದಮ್ಮ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಬಿಟ್ಟಳು.