ಶೈಲಶ್ರೀ ಒರೆಸಿದ ಎತ್ತು

ಸಿಂದಗಿ, ಇಂಡಿ ಕಡೆಯ ಸರಕಾರಿ ಶಾಲೆಗಳ ಗೋಡೆಗೆ ಈಗ ಚಿತ್ರ ಬರೆಯುವ ಶೈಲಶ್ರೀ ನನ್ನ ಅಣ್ಣನ ಮಗಳು. ಕಲೆ ಅವಳಿಗೆ ಹುಟ್ಟುತ್ತಲೇ ಬಂದಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಹುಟ್ಟುತ್ತಲೇ ಬಂದದ್ದು ಹಟ ಒಂದೇ. ಉಳಿದದ್ದನ್ನು ಗೋವಿಂದ ಮಾಸ್ತರರು ತಿದ್ದಿ ತಿದ್ದಿ ಕಲಿಸಿದರು.

ದೇವಣಗಾಂವದ ನಮ್ಮ ಮನೆಯಲ್ಲಿ, ಅವಳು ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಕೆಂಪು ಹುರಮಂಜಿನ ಬಣ್ಣದಲ್ಲಿ ಪಡಸಾಲೆಯ ಸುಣ್ಣದ ಗೋಡೆಯ ಮೇಲೆ ನಮ್ಮ ಎತ್ತನ್ನೇ ಬರೆದಳು. ನಮ್ಮವ್ವ ರುಕ್ಮವ್ವ ಬೈಯುತ್ತಾಳೆಂದು ನಾನು ಕಾದೆ. ಅವ್ವ ಹಿರಿಹಿರಿ ಹಿಗ್ಗಿ, ಗೋಡೆಯ ಎತ್ತಿಗೂ ಕುಂಕುಮ ಹಚ್ಚಿ ಹೋಳಿಗೆ ಎಡೆ ಹಿಡಿದಳು. ಓಣಿಯವರೂ ಬಂದು ಕೈಮುಗಿದು ಹೋದರು.

ಗೋವಿಂದ ಮಾಸ್ತರರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ಚಡಚಣದ ಕಡೆಯವರು. ತಮ್ಮ ಬ್ರಷ್ಷನ್ನೇ ಇವಳಿಗೆ ಕೊಟ್ಟ ಪುಣ್ಯಾತ್ಮ. ಚಿತ್ರ ನೋಡಲೆಂದೇ ಮನೆಗೆ ಬಂದು ಬಹಳ ಹೊತ್ತು ನಿಂತರು.

“ಕೋಡು, ಡುಬ್ಬ ಎಲ್ಲಾ ಭಾಳ ಚಲೋ ಬಂದಾವ. ಹಿಂಗಾಲು ತಪ್ಪೇತಿ. ಮನಷ್ಯಾರ ಮೊಣಕಾಲಿನಂಗ ಮುಂದ ಬಾಗೇತಿ. ಎತ್ತು ನೋಡಿ ಮತ್ತ ಬರಿಯವ್ವಾ. ನಿನ್ನ ಕೈಲೆ ಆಗ್ತೈತಿ.”

ಅಯ್ಯ ಶಿವನೇ, ದಿನವೂ ಎತ್ತಿನ ಹಿಂದೆಯೇ ನಡೆಯುವ ನಾವ್ಯಾರೂ ಅದನ್ನು ನೋಡಿರಲಿಲ್ಲ.

“ಪೂಜಿ ಆದದ್ದನ್ನ ಒರಸ್ತಾರೇನು?” ಅವ್ವ ಮೊಮ್ಮಗಳ ಮೇಲೆ ಸಿಡುಕಿದಳು. “ಕೊಟ್ಟಿಗ್ಯಾಗಿನ ಎತ್ತಿಗೆ ಏನರ ಆದ್ರ? ಒರಸಿದಿ ಅಂದ್ರ ಇನ್ನ ಈ ಮನ್ಯಾಗ ಬಣ್ಣ ಮುಟ್ಟಂಗಿಲ್ಲ ನೋಡು.”

ಬಣ್ಣ ಬಿಡುವುದೆಂದರೆ ಈ ಹುಡುಗಿಗೆ ಅನ್ನ ಬಿಟ್ಟ ಹಾಗೆ. ಅದು ಗೊತ್ತಿದ್ದೇ ಅವ್ವ ಹೆದರಿಸಿದ್ದು. ಬೇರೆ ಗೋಡೆಗೆ ಬರೆ ಎಂದು ನಾನೂ ಹೇಳಿ ನೋಡಿದೆ.

“ಅತ್ತಿ, ತಪ್ಪಿದ್ದಕ್ಕ ಎಲ್ಲಾರೂ ಕೈ ಮುಗ್ಯಾಕತ್ತಾರ. ನನಗ ನಾಚಿಕಿ ಬರ್ತೈತಿ.”

ಶಾಲೆ ಬಿಟ್ಟರೆ ಕೊಟ್ಟಿಗೆಯಲ್ಲೇ ಕೂತು ಎತ್ತಿನ ಕಾಲು ನೋಡತೊಡಗಿದಳು. ಒಂದು ಬೆಳಿಗ್ಗೆ ಅವ್ವನ ಕಣ್ಣೆದುರೇ ಒದ್ದೆ ಅರಿವೆಯಿಂದ ಕುಂಕುಮಸಮೇತ ಎತ್ತನ್ನು ಒರೆಸಿ, ಮೇಲೆ ಸುಣ್ಣ ಬಳಿದುಬಿಟ್ಟಳು. ಅವ್ವ ಅವಳೊಡನೆ ಮಾತು ಬಿಟ್ಟಳು.

ಬಣ್ಣ ಮುಟ್ಟಬೇಡವೆಂದಿದ್ದರೂ ಗೋಡೆ ಒಣಗಿದ ಮೇಲೆ ಮತ್ತೆ ಬರೆದಳು. ಈ ಸಲ ಎತ್ತು ನಾಲ್ಕೂ ಕಾಲೂರಿ ಗಟ್ಟಿಯಾಗಿ ನಿಂತಿತ್ತು. ಮಾಸ್ತರರು ಬಂದು ನೋಡಿ, ಅವಳ ತಲೆಯ ಮೇಲೆ ಕೈ ಇಟ್ಟರು. ಅವ್ವ ಕೊಟ್ಟಿಗೆಗೆ ಹೋಗಿ ಎತ್ತು ನೋಡಿ ಬಂದಳು, ಗೋಡೆ ನೋಡಿದಳು, ಮತ್ತೆ ಕೊಟ್ಟಿಗೆಗೆ ಹೋದಳು. ಕೊನೆಗೆ ಸಿಟ್ಟಿನಲ್ಲೇ ಮಾಸ್ತರರನ್ನು ಕೇಳಿದಳು.

“ಈಗರ ಪೂಜಿ ಮಾಡಬೌದೇನ್ರಿ?”

“ನನ್ನ ಕೇಳಬ್ಯಾಡ್ರಿ. ಬರದಾಕೀನ್ನ ಕೇಳ್ರಿ.”

ನಮ್ಮವ್ವ ಜನ್ಮದಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಮೊಮ್ಮಗಳ ಕಡೆ ತಿರುಗಿದಳು. ಶೈಲಶ್ರೀ ಗೋಡೆಯಿಂದ ಮುಖ ತಿರುಗಿಸಲಿಲ್ಲ.

“ತಡಿ ಆಯಿ, ಇನ್ನೂ ಕಣ್ಣು ತಿದ್ದೂದೈತಿ.”

ಅವ್ವ ಅಲ್ಲೇ ನೆಲಕ್ಕೆ ಕೂತಳು.

“ತಿದ್ದವಾ,” ಎಂದಳು. “ಅವಸರ ಮಾಡಬ್ಯಾಡ.”